ಮನೆಯ ಎಣಿಕೆ, ಮನುಷ್ಯರ ಎಣಿಕೆ: ಹೈದರಾಬಾದಿನ ನಗರ ಸುಧಾರಣೆಯಲ್ಲಿ ಜನಸಂಖ್ಯಾ ಅಧ್ಯಯನದ ಸ್ಥಾನ

ಹಳೆಯ ಮೈಸೂರಿನ ಕಡತಗಳಲ್ಲಿ ಜನಗಣತಿಗೆ ‘ಖಾನೇಷುಮಾರಿ’ ಎಂಬ ಹೆಸರಿತ್ತು. ಪಾರಸಿ ಮೂಲದ ಈ ಪದದ ನೇರ ಅರ್ಥ ಮನೆಯೆಣಿಕೆ. ನಿಜಾಮರ ಹೈದರಾಬಾದಿನಲ್ಲಿ ಅದೇ ಕಾರ್ಯಕ್ಕೆ ‘ಮರ್ದುಮ್ ಷುಮಾರಿ’, ಎಂದರೆ ಮನುಷ್ಯರ ಎಣಿಕೆ, ಎಂಬ ಪದ ಬಳಕೆಯಲ್ಲಿತ್ತು. ಒಂದು ನಗರವನ್ನು ಸುಧಾರಿಸಹೊರಟವರು ಇವೆರಡರಲ್ಲಿ ಯಾವುದನ್ನು ಆಧಾರವಾಗಿಟ್ಟುಕೊಂಡರು ಎಂಬ ಪ್ರಶ್ನೆ ಸಾಮಾನ್ಯವಾಗಿ ನಗರಚರಿತ್ರೆಗಳಲ್ಲಿ ಏಳುವುದಿಲ್ಲ. ಅಣೆಕಟ್ಟು, ರಸ್ತೆ, ಆಸ್ಪತ್ರೆ, ಮಾರುಕಟ್ಟೆಗಳ ವರ್ಣನೆಯಲ್ಲಿಯೇ ಅವು ಮುಗಿದುಹೋಗುತ್ತವೆ. 1912ರಲ್ಲಿ ಕಾರ್ಯಾರಂಭ ಮಾಡಿದ ಹೈದರಾಬಾದಿನ ನಗರ ಸುಧಾರಣಾ ಮಂಡಳಿಯನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ನಗರಕ್ಕೆ ದುಡಿಮೆಗಾಗಿ ಬಂದ ಕನ್ನಡಿಗರ ಚರಿತ್ರೆಯನ್ನು ಬರೆಯಲು ಬೇಕಾದ ಅಂಕಿಗಳು ಏಕೆ ಸುಲಭವಾಗಿ ಕೈಗೆ ಸಿಕ್ಕುವುದಿಲ್ಲ ಎಂಬುದಕ್ಕೂ ಇದರಿಂದ ಸ್ವಲ್ಪಮಟ್ಟಿಗೆ ಉತ್ತರ ದೊರೆಯುತ್ತದೆ.

ಮಂಡಳಿಯ ಹುಟ್ಟಿಗೆ ನೇರವಾದ ಕಾರಣ 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಮಹಾಪೂರ. ನದಿಯ ಇಕ್ಕೆಲದ ಕೇರಿಗಳು ಕೊಚ್ಚಿಹೋದವು. ಸಾವಿರಾರು ಜನ ಸತ್ತರು. ಸುಮಾರು 80,000 ಮಂದಿ ನೆಲೆ ಕಳೆದುಕೊಂಡರೆಂದು ಅಂದಾಜು. ಮರುವರ್ಷ ನಿಜಾಮ ಸರಕಾರದ ಆಹ್ವಾನದ ಮೇರೆಗೆ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪೂರದ ಕಾರಣಗಳನ್ನು ಪರಿಶೀಲಿಸಿ ವರದಿ ಸಲ್ಲಿಸಿದರು. ಅವರ ವಿಧಾನದಲ್ಲಿ ಗಮನಿಸಬೇಕಾದ ಅಂಶವೆಂದರೆ, ಅವರು ನಗರದೊಳಗೆ ನಿಂತು ನದಿಯನ್ನು ನೋಡದೆ, ನೀರು ಹರಿದುಬರುವ ಇಡೀ ಜಲಾನಯನ ಪ್ರದೇಶವನ್ನೇ ಎಣಿಕೆಗೆ ಒಳಪಡಿಸಿದುದು. ಆ ಪ್ರದೇಶದಲ್ಲಿದ್ದ 788 ಕೆರೆಗಳ ಪೈಕಿ 221 ಕೆರೆಗಳು ಒಡೆದಿದ್ದವು. ಈ ಲೆಕ್ಕದ ಫಲವಾಗಿಯೇ ನಗರದ ಮೇಲ್ಭಾಗದಲ್ಲಿ ಎರಡು ದೊಡ್ಡ ಜಲಾಶಯಗಳನ್ನು ಕಟ್ಟಬೇಕೆಂಬ ಸಲಹೆ ರೂಪುಗೊಂಡಿತು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿಯೂ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡವು.

ನೀರಿನ ವಿಷಯದಲ್ಲಿ ತೋರಿದ ಈ ಎಚ್ಚರ ಜನರ ವಿಷಯದಲ್ಲಿ ಎಷ್ಟರಮಟ್ಟಿಗೆ ಇತ್ತು? ಇದಕ್ಕೆ ಉತ್ತರವಾಗಿ ಮಂಡಳಿಯ ಹೆಸರನ್ನೇ ಮೊದಲು ನೋಡಬಹುದು. ಇಂಗ್ಲಿಷಿನಲ್ಲಿ ಅದು ‘ಸುಧಾರಣಾ’ ಮಂಡಳಿ; ಉರ್ದುವಿನಲ್ಲಿ ‘ಆರಾಯಿಷ್-ಎ-ಬಲ್ದಾ’, ಎಂದರೆ ನಗರದ ಅಲಂಕಾರ. ಎರಡು ಹೆಸರುಗಳೂ ಕಟ್ಟಡ, ಬೀದಿ, ಬಯಲುಗಳನ್ನು ಉದ್ದೇಶಿಸಿದವೇ. ಇದು ಹೈದರಾಬಾದಿಗೆ ಮಾತ್ರ ಸೀಮಿತವಾದ ದೃಷ್ಟಿಯಾಗಿರಲಿಲ್ಲ. ಪ್ಲೇಗಿನ ಹಾವಳಿಯ ನಂತರ 1898ರಲ್ಲಿ ಹುಟ್ಟಿದ ಮುಂಬಯಿಯ ಸುಧಾರಣಾ ಟ್ರಸ್ಟಿನಿಂದ ಮೊದಲುಗೊಂಡು, 1903ರಲ್ಲಿ ಮೈಸೂರು ನಗರದಲ್ಲಿ ಸ್ಥಾಪನೆಯಾದ ಟ್ರಸ್ಟ್ ಮಂಡಳಿಯನ್ನೂ ಒಳಗೊಂಡು, ಅಂದಿನ ನಗರಸುಧಾರಣಾ ಸಂಸ್ಥೆಗಳೆಲ್ಲ ನೈರ್ಮಲ್ಯಶಾಸ್ತ್ರದ ಕೂಸುಗಳು. ಇಕ್ಕಟ್ಟಾದ ಕೇರಿ ರೋಗದ ಬೀಡು. ಅದನ್ನು ಕೆಡವಿ ಗಾಳಿ ಬೆಳಕು ಆಡುವಂತೆ ಮಾಡಿದರೆ ಊರು ಆರೋಗ್ಯವಾಗುತ್ತದೆ ಎಂಬುದು ಅವುಗಳ ಮೂಲ ನಂಬಿಕೆ.

ಹೈದರಾಬಾದಿನ ಮಂಡಳಿ ಈ ನಂಬಿಕೆಯನ್ನು ಶ್ರದ್ಧೆಯಿಂದ ಕಾರ್ಯರೂಪಕ್ಕಿಳಿಸಿತು. ನಾಂಪಲ್ಲಿ, ಮೊಗಲಪುರ ಮೊದಲಾದ ಕಡೆಗಳಲ್ಲಿ ಇಕ್ಕಟ್ಟಿನ ವಸತಿಗಳನ್ನು ತೆರವು ಮಾಡಿ ಹೊಸ ಮನೆಗಳನ್ನು ಕಟ್ಟಿಸಲಾಯಿತು. ಚಾರ್‌ಮಿನಾರಿನತ್ತ ಹೋಗುವ ದಾರಿಯಲ್ಲಿ ಪತ್ಥರ್‌ಗಟ್ಟಿಯ ಕಲ್ಲುಕಮಾನುಗಳ ಅಂಗಡಿಸಾಲು ಎದ್ದಿತು. 1935ರಲ್ಲಿ ಮೊಅಜ್ಜಮ್ ಜಾಹೀ ಮಾರುಕಟ್ಟೆ ಸಿದ್ಧವಾಯಿತು. ಅದು ಮಂಡಳಿಯ ಅಧ್ಯಕ್ಷರಾಗಿದ್ದ ರಾಜಕುಮಾರರ ಹೆಸರನ್ನೇ ಹೊತ್ತಿದೆ. ಮಾರುಕಟ್ಟೆಗಳನ್ನು ಕಟ್ಟಿದ ಸಂಸ್ಥೆಗೆ ನಗರದ ವ್ಯಾಪಾರದ ಅರಿವಿರಲಿಲ್ಲವೆಂದು ಹೇಳುವುದು ನ್ಯಾಯವಾಗದು. ಆದರೆ ಮಾರುಕಟ್ಟೆಯ ಅರಿವು ಬೇರೆ, ದುಡಿದುಣ್ಣುವವರ ಅರಿವು ಬೇರೆ. ಬಡವನು ಇಕ್ಕಟ್ಟಿನ ಕೇರಿಯಲ್ಲಿ ಇರುವುದಕ್ಕೆ ಕೆಲಸದ ಸ್ಥಳಕ್ಕೆ ಅದು ನಡೆದು ತಲುಪುವಷ್ಟು ಹತ್ತಿರವಾಗಿರುವುದೇ ಹೆಚ್ಚಿನ ವೇಳೆ ಕಾರಣ. ಅವನ ಮನೆಯನ್ನು ಮಾತ್ರ ಎಣಿಸಿ, ಉದ್ಯೋಗವನ್ನು ಎಣಿಸದೆ ಬೇರೆಡೆಗೆ ಸಾಗಿಸಿದಾಗ, ಕೇರಿ ಅಳಿಯಬಹುದು. ಬಡತನ ಮಾತ್ರ ವಿಳಾಸ ಬದಲಿಸಿ ಉಳಿಯುತ್ತದೆ.

ಜನರ ಬಗೆಗೆ ಅಂಕಿಗಳೇ ಇರಲಿಲ್ಲವೆಂದಲ್ಲ. ಹೈದರಾಬಾದು ಸಂಸ್ಥಾನದಲ್ಲಿ 1881ರಿಂದಲೇ ಹತ್ತು ವರ್ಷಕ್ಕೊಮ್ಮೆ ಕ್ರಮಬದ್ಧ ಜನಗಣತಿ ನಡೆಯುತ್ತಿತ್ತು. ಅದರ ಪ್ರಕಾರ ರಾಜಧಾನಿಯ ಜನಸಂಖ್ಯೆ 1901ರಲ್ಲಿ ಸುಮಾರು 4.48 ಲಕ್ಷ, 1911ರಲ್ಲಿ 5 ಲಕ್ಷ, 1921ರಲ್ಲಿ 4.04 ಲಕ್ಷ, 1931ರಲ್ಲಿ 4.67 ಲಕ್ಷ, 1941ರಲ್ಲಿ 7.39 ಲಕ್ಷ. ಈ ಏರಿಳಿತವು ವಿಚಾರಕ್ಕೆ ಯೋಗ್ಯವಾದುದು. 1911ರಿಂದ 1921ರ ಅವಧಿಯಲ್ಲಿ ಇಡೀ ಸಂಸ್ಥಾನದ ಜನಸಂಖ್ಯೆ ಶೇಕಡಾ 7ರ ಒಳಗೆ ಕುಗ್ಗಿದರೆ, ರಾಜಧಾನಿಯದು ಶೇಕಡಾ 19ರಷ್ಟು ಕುಗ್ಗಿತು. ಪ್ಲೇಗು ಮತ್ತು 1918ರ ಇನ್‌ಫ್ಲುಯೆಂಜಾ ಇದಕ್ಕೆ ಮುಖ್ಯ ಕಾರಣಗಳು. ಆದರೆ ಇದೇ ದಶಕವು ಮಂಡಳಿಯ ತೆರವು ಕಾರ್ಯದ ಮೊದಲ ದಶಕವೂ ಹೌದು. ಕಾಣದಾದ ಸುಮಾರು 96,000 ಮಂದಿಯಲ್ಲಿ ಸತ್ತವರೆಷ್ಟು, ರೋಗಕ್ಕೆ ಹೆದರಿ ಊರು ಬಿಟ್ಟವರೆಷ್ಟು, ಕೆಡವಿದ ಕೇರಿಗಳಿಂದ ನಗರದ ಎಲ್ಲೆಯಾಚೆಗೆ ಸರಿದವರೆಷ್ಟು ಎಂಬುದನ್ನು ಒಟ್ಟು ಅಂಕಿ ಬಿಡಿಸಿ ಹೇಳಲಾರದು. ಹಾಗೆಯೇ 1931ರಿಂದ 1941ರೊಳಗೆ ಶೇಕಡಾ 58ರಷ್ಟು ಹೆಚ್ಚಳವಾದಾಗ, ಬಂದವರು ಯಾರು, ಎಲ್ಲಿಂದ, ಯಾವ ಕೆಲಸಕ್ಕೆ ಎಂಬ ಪ್ರಶ್ನೆಗಳು ನಗರದ ಆರ್ಥಿಕ ಭವಿಷ್ಯಕ್ಕೆ ಸಂಬಂಧಿಸಿದವು. ಗಣತಿಯ ಕೋಷ್ಟಕಗಳಲ್ಲಿ ಹುಟ್ಟಿದ ಸ್ಥಳ, ಮಾತೃಭಾಷೆ, ಕಸುಬು ಎಂಬ ಅಂಕಣಗಳಿದ್ದವು. ಅವನ್ನು ಒಂದರೊಡನೊಂದು ಹೆಣೆದು ಓದಿದಾಗಲೇ ಅಂಥ ಪ್ರಶ್ನೆಗಳಿಗೆ ಉತ್ತರ ಮೂಡುತ್ತದೆ.

ಅಂಕಿಸಂಖ್ಯೆಗಳನ್ನು ಆರ್ಥಿಕ ಬೆಳವಣಿಗೆಗೆ ದಾರಿದೀಪವಾಗಿ ಬಳಸಬಹುದೆಂಬ ಕಲ್ಪನೆ ಆ ಕಾಲಕ್ಕೆ ಅಪರಿಚಿತವಾಗಿರಲಿಲ್ಲ. ಹೈದರಾಬಾದಿನ ವರದಿ ಮುಗಿಸಿ 1909ರ ಕೊನೆಯಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದಲೇ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಸ್ಥಾಪನೆಯಾಯಿತು. ವ್ಯವಸಾಯ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಪ್ರತ್ಯೇಕ ಸಮಿತಿಗಳಿದ್ದ ಆ ಸಂಸ್ಥೆ, ಜನರ ದುಡಿಮೆಯ ಸ್ಥಿತಿಗತಿಗಳನ್ನು ತಿಳಿದು ಮುಂದಿನ ಹೆಜ್ಜೆ ಇಡಬೇಕೆಂಬ ತತ್ತ್ವದ ಮೇಲೆ ನಿಂತಿತ್ತು. ಮೈಸೂರಿನ ಪ್ರಯೋಗಕ್ಕೂ ಅದರದೇ ಆದ ಮಿತಿಗಳಿದ್ದವು. ಆದರೂ ಒಬ್ಬರೇ ಇಂಜಿನಿಯರು ಒಂದು ರಾಜಧಾನಿಗೆ ನೀರಿನ ಯೋಜನೆಯನ್ನೂ, ಎರಡೇ ವರ್ಷಗಳಲ್ಲಿ ಇನ್ನೊಂದು ಸಂಸ್ಥಾನಕ್ಕೆ ಆರ್ಥಿಕ ವಿಚಾರಣೆಯ ವೇದಿಕೆಯನ್ನೂ ಒದಗಿಸಿದುದು ಗಮನಾರ್ಹ. ಹೈದರಾಬಾದು ಅವರಿಂದ ಕೇಳಿದ್ದು ಮೊದಲನೆಯದನ್ನು.

ಹೈದರಾಬಾದಿನಲ್ಲಿ ಎರಡನೆಯ ಕಾರ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಎಸ್. ಕೇಶವ ಅಯ್ಯಂಗಾರರ ಹೆಸರು ಮುಖ್ಯವಾದುದು. ಸಂಸ್ಥಾನದ ಆರ್ಥಿಕ ಸ್ಥಿತಿಯನ್ನು ಕುರಿತು 1929-30ರಲ್ಲಿ ಅವರು ನಡೆಸಿದ ವಿಚಾರಣೆಗಳು ಹಲವು ಸಂಪುಟಗಳಲ್ಲಿ ಹೊರಬಂದವು. ಆ ವಿಚಾರಣೆಯ ದೃಷ್ಟಿ ಹಳ್ಳಿಗಳ ಕಡೆಗಿತ್ತು: ರೈತನ ಸಾಲ, ಹಿಡುವಳಿ, ಬೆಳೆ. ರಾಜಧಾನಿ ಪುನಃ ಹೊರಗೇ ಉಳಿಯಿತು. ಅದಕ್ಕೆ ಸರದಿ ಬಂದುದು ಸಂಸ್ಥಾನವೇ ಇಲ್ಲವಾದ ಮೇಲೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. 1949ರಲ್ಲಿ ಜಾಗೀರುಗಳು ರದ್ದಾದವು. ಅರಮನೆ, ಜಾಗೀರು, ಸೈನ್ಯಗಳನ್ನು ನೆಚ್ಚಿಕೊಂಡಿದ್ದ ನಗರದ ಕುಟುಂಬಗಳ ಆದಾಯದ ಬೇರೇ ಅಲುಗಿತು. ಅದೇ ಹೊತ್ತಿಗೆ, 1951ರ ಗಣತಿಯಂತೆ, ನಗರದ ಜನಸಂಖ್ಯೆ ಹತ್ತು ಲಕ್ಷವನ್ನು ದಾಟಿತ್ತು. ಈ ಸಂಧಿಕಾಲದ ನಂತರ ಕೇಶವ ಅಯ್ಯಂಗಾರರ ನೇತೃತ್ವದಲ್ಲಿ ಭಾರತೀಯ ಅರ್ಥಶಾಸ್ತ್ರ ಸಂಸ್ಥೆಯು ಹೈದರಾಬಾದು-ಸಿಕಂದರಾಬಾದು ನಗರಪ್ರದೇಶದ ಸಾಮಾಜಿಕ-ಆರ್ಥಿಕ ಸಮೀಕ್ಷೆಯನ್ನು ನಡೆಸಿ 1957ರಲ್ಲಿ ಪ್ರಕಟಿಸಿತು. ಪುಣೆಯಲ್ಲಿ ಗೋಖಲೆ ಸಂಸ್ಥೆ ಹಾಕಿಕೊಟ್ಟ ಮೇಲ್ಪಂಕ್ತಿಯ ಮುಂದುವರಿಕೆಯಾದ ನಗರಸಮೀಕ್ಷೆಗಳಲ್ಲಿ ಇದೂ ಒಂದು. ಹುಬ್ಬಳ್ಳಿಯ ನಗರಜೀವನದ ಆರ್ಥಿಕ ಮುಖವನ್ನು ಕುರಿತ ಬಿ. ಆರ್. ಢೇಕಣೆಯವರ ಅಧ್ಯಯನ 1959ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಪ್ರಕಟವಾದುದನ್ನು ಇಲ್ಲಿ ನೆನೆಯಬಹುದು. ಮುಂದೆ ಷಾ ಮಂಜೂರ್ ಆಲಂ ಅವರು ಹೈದರಾಬಾದು ಮಹಾನಗರ ಮತ್ತು ಅದರ ಸುತ್ತಣ ಪ್ರದೇಶವನ್ನು ಒಟ್ಟಾಗಿ ಪರಿಶೀಲಿಸಿದ ಕೃತಿ 1972ರಲ್ಲಿ ಬಂದಿತು. 1975ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ವಿಶ್ವೇಶ್ವರಯ್ಯನವರು ನೀರಿಗೆ ಅನ್ವಯಿಸಿದ ಕ್ರಮ, ಎಂದರೆ ನಗರವನ್ನು ಅರಿಯಲು ಅದರ ಮೇಲ್ಭಾಗದ ಪ್ರದೇಶವನ್ನು ಎಣಿಸಬೇಕೆಂಬ ಕ್ರಮ, ಜನರಿಗೆ ಅನ್ವಯವಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತೆನ್ನಬಹುದು.

ಈ ವಿಳಂಬದಿಂದ ಕನ್ನಡಿಗರಿಗೆ ಸಂಬಂಧಿಸಿದಂತೆ ಆದ ನಷ್ಟವೇನು? 1874ರಲ್ಲಿ ವಾಡಿ-ಸಿಕಂದರಾಬಾದು ರೈಲುಮಾರ್ಗ ತೆರೆದಂದಿನಿಂದ ಕಲಬುರಗಿಯ ಸೀಮೆ ರಾಜಧಾನಿಗೆ ಹತ್ತಿರವಾಯಿತು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳವರಿಗೆ ಕಚೇರಿ, ನ್ಯಾಯಾಲಯ, ಕಾಲೇಜು, ದೊಡ್ಡ ಪೇಟೆ ಎಂದರೆ ಹೈದರಾಬಾದೇ ಆಗಿತ್ತು. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಶೇಕಡಾ 12ರಷ್ಟಿದ್ದ ಕನ್ನಡಿಗರ ಬಗೆಗೆ ಗಣತಿಯ ಭಾಷಾಂಕಣ ಸ್ಪಷ್ಟವಾಗಿ ಮಾತನಾಡುತ್ತದೆ. ಏಕೀಕರಣದ ಕಾಲದಲ್ಲಿ ಗಡಿಯನ್ನು ನಿರ್ಧರಿಸಲು ಈ ಅಂಕಣವನ್ನೇ ಎಲ್ಲರೂ ಆಶ್ರಯಿಸಿದರು. ಹೀಗೆ ಭಾಷೆಯ ಲೆಕ್ಕ ನೆಲವನ್ನು ಹಂಚಲು ಬಂದಿತೇ ಹೊರತು, ರಾಜಧಾನಿಯಲ್ಲಿದ್ದ ಕನ್ನಡಿಗರು ಯಾವ ದುಡಿಮೆಯಿಂದ ಬದುಕುತ್ತಿದ್ದರೆಂದು ತಿಳಿಯಲು ಬಳಕೆಯಾದುದು ಕಡಿಮೆ.

ಸಂಶೋಧಕರು ಎಚ್ಚರ ವಹಿಸಬೇಕಾದ ಇನ್ನೊಂದು ಅಂಶ ಇಲ್ಲಿದೆ. ಕಲಬುರಗಿಯಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ನೆಲೆಸಿದ ವ್ಯಕ್ತಿ 1951ರ ಗಣತಿಯಲ್ಲಿ ‘ಅದೇ ರಾಜ್ಯದ ಬೇರೆ ಜಿಲ್ಲೆಯವನು’. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದವು. 1961ರ ಗಣತಿಯಲ್ಲಿ ಅದೇ ವ್ಯಕ್ತಿ, ತನ್ನ ಮನೆಯ ಹೊಸಿಲನ್ನೂ ಬದಲಿಸದೆ, ‘ಬೇರೆ ರಾಜ್ಯದವನು’. ವಲಸೆ ಬಂದವನು ಅವನಲ್ಲ, ಗಡಿ. ಇದಲ್ಲದೆ ಕೊಡಂಗಲ್, ತಾಂಡೂರು, ಗದ್ವಾಲ, ಆಲಂಪುರ ತಾಲ್ಲೂಕುಗಳು ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಆದುದರಿಂದ 1951ರ ‘ಕಲಬುರಗಿ ಜಿಲ್ಲೆ’ ಮತ್ತು 1961ರ ‘ಕಲಬುರಗಿ ಜಿಲ್ಲೆ’ ಒಂದೇ ಅಲ್ಲ. ಇವೆರಡನ್ನು ನೇರವಾಗಿ ಹೋಲಿಸಿ ಕನ್ನಡಿಗರ ವಲಸೆ ಹೆಚ್ಚಿತು ಅಥವಾ ತಗ್ಗಿತು ಎಂದು ನಿರ್ಣಯಿಸುವುದು ದೋಷಕ್ಕೆ ಎಡೆಗೊಡುತ್ತದೆ. ಹುಟ್ಟೂರಿನ ಅಂಕಣವನ್ನು ತಾಲ್ಲೂಕು ಮಟ್ಟದ ಗಡಿಬದಲಾವಣೆಗಳೊಡನೆ ಸರಿದೂಗಿಸಿ, ಕಸುಬಿನ ಅಂಕಣದೊಡನೆ ಜೋಡಿಸಿ ಓದುವ ಕಾರ್ಯ ಮೊದಲು ಆಗಬೇಕು.

ತಮ್ಮನ್ನು ಎಣಿಸುವುದರಲ್ಲಿ ಏನು ಅಡಗಿದೆ ಎಂಬುದನ್ನು ಜನ ಆಡಳಿತಕ್ಕಿಂತ ಮೊದಲೇ ಅರಿತಿರುತ್ತಾರೆ. ತೆಲಂಗಾಣ ರಾಜ್ಯ ರಚನೆಯಾದ ವರ್ಷ, 2014ರ ಆಗಸ್ಟ್ 19ರಂದು, ರಾಜ್ಯಾದ್ಯಂತ ಒಂದೇ ದಿನ ಸಮಗ್ರ ಕುಟುಂಬ ಸಮೀಕ್ಷೆ ನಡೆಯಿತು. ಸೌಲಭ್ಯಗಳ ಪಟ್ಟಿಯಿಂದ ಹೊರಗುಳಿದೇವೆಂಬ ಅಂಜಿಕೆಯಿಂದ, ದುಡಿಯಲು ದೂರ ಹೋಗಿದ್ದವರು ಬಸ್ಸು ರೈಲುಗಳನ್ನು ಹಿಡಿದು ತಂತಮ್ಮ ಊರುಗಳಿಗೆ ಮರಳಿದರು. ಎಣಿಕೆಯಲ್ಲಿ ಇಲ್ಲದವನು ಯೋಜನೆಯಲ್ಲಿಯೂ ಇರನು ಎಂಬ ಸತ್ಯ ಅವರಿಗೆ ಅನುಭವದಿಂದ ತಿಳಿದಿತ್ತು. ಅದೇ ಎಣಿಕೆಯ ದಿನ ದುಡಿಯುವ ಊರಿನಲ್ಲಿ ಅವರು ಇರಲಿಲ್ಲವಾದ್ದರಿಂದ, ಆ ಊರಿನ ದುಡಿಮೆಯ ಚಿತ್ರದಲ್ಲಿ ಅವರು ಕಾಣದಾದರು ಎಂಬುದೂ ಅಷ್ಟೇ ಸತ್ಯ. 2011ರ ಗಣತಿಯ ವೇಳೆಗೇ 67 ಲಕ್ಷವನ್ನು ಮೀರಿದ್ದ ಮಹಾನಗರವೊಂದರ ಆರ್ಥಿಕತೆಯನ್ನು ರೂಪಿಸುವವರಿಗೆ ಈ ತೊಡಕು ಸಣ್ಣದಲ್ಲ.

ಮೂಸಿಯ ಮಂಡಳಿಯ ಕಟ್ಟಡಗಳು ಇಂದಿಗೂ ನಿಂತಿವೆ. ಅದರ ಕಾಲದ ಜಲಾಶಯಗಳೂ ಇವೆ. ಅದರ ಕೆಲಸವನ್ನು ಹೀಗಳೆಯುವುದು ಇಲ್ಲಿಯ ಆಶಯವಲ್ಲ. ಆದರೆ ಕೆಡವಿದ ಕೇರಿಗಳಲ್ಲಿದ್ದವರು ಯಾವ ಸೀಮೆಯವರು, ಯಾವ ಕಸುಬಿನವರು, ಅಲ್ಲಿಂದ ಎಲ್ಲಿಗೆ ಹೋದರು ಎಂಬುದನ್ನು ಕಟ್ಟಡಗಳು ಹೇಳಲಾರವು. ಮಂಡಳಿಯ ಕಡತಗಳನ್ನೂ ಗಣತಿಯ ಕೋಷ್ಟಕಗಳನ್ನೂ ಕೈಗೆತ್ತಿಕೊಳ್ಳುವ ಹೊರನಾಡಿನ ಕನ್ನಡ ಸಂಶೋಧಕರು ಈ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಹೊರಟರೆ, ಖಾನೇಷುಮಾರಿಯೊಳಗಿಂದ ಮರ್ದುಮ್ ಷುಮಾರಿಯನ್ನು ಹೊರತೆಗೆಯುವ ಕೆಲಸ ಪ್ರಾರಂಭವಾದಂತಾಗುತ್ತದೆ.