ಒಂದು ಚೀಲದ ಚರಿತ್ರೆ



ಮುಂದಿನ ಭಾನುವಾರದ ಪೂಜೆಯಲ್ಲಿ ಬಾಗಿಲ ಪಕ್ಕದ ಕೊನೆಯ ಬೆಂಚನ್ನು ಒಮ್ಮೆ ಗಮನಿಸಿ. ತಡವಾಗಿ ಬಂದವರೇ ಅಲ್ಲಿ ಕೂರುತ್ತಾರೆಂದು ನಾವು ತಿಳಿದಿದ್ದೇವೆ. ಆದರೆ ಎಲ್ಲರಿಗಿಂತ ಮೊದಲು ಬಂದರೂ ಅಲ್ಲೇ ಕೂರುವವರಿರುತ್ತಾರೆ. ಹಿಂದೆ ಕುಟುಂಬದೊಡನೆ ಮುಂದಿನ ಸಾಲಿನಲ್ಲಿ ಕುಳಿತು ಹಾಡುತ್ತಿದ್ದವರು, ಒಂದು ಶಸ್ತ್ರಚಿಕಿತ್ಸೆಯ ನಂತರ ಹಿಂದಕ್ಕೆ ಸರಿದು, ಪರಮಪ್ರಸಾದ ಸ್ವೀಕರಿಸಿದೊಡನೆ ಹೊರಟುಬಿಡುತ್ತಾರೆ. ಮದುವೆಯ ಊಟಕ್ಕೆ ಅವರು ಬರುವುದಿಲ್ಲ. ಯಲಹಂಕದಿಂದ ಯಶವಂತಪುರಕ್ಕೆ ಬಸ್ಸು ಹತ್ತಬೇಕೆಂದರೂ, ಹೆಬ್ಬಾಳದ ಮೇಲುಸೇತುವೆಯಲ್ಲಿ ವಾಹನಗಳು ನಿಂತುಬಿಟ್ಟರೆ ಏನು ಗತಿ ಎಂದು ಹಿಂಜರಿಯುತ್ತಾರೆ. ಅವರ ಉಡುಪಿನ ಒಳಗೆ, ಹೊಟ್ಟೆಗೆ ಅಂಟಿಕೊಂಡ ಒಂದು ಚೀಲವಿದೆ. ಅದು ಸೋರೀತೇ, ಸದ್ದು ಮಾಡೀತೇ, ವಾಸನೆ ಬಂದೀತೇ ಎಂಬ ಅಂಜಿಕೆ ಅವರನ್ನು ಬಾಗಿಲ ಬಳಿ ಕೂರಿಸಿದೆ. ಆ ಚೀಲಕ್ಕೂ ಒಂದು ಚರಿತ್ರೆಯಿದೆ. ಅದನ್ನು ಅರಿತರೆ ಆ ಬೆಂಚಿನಲ್ಲಿ ಕುಳಿತವರನ್ನೂ ನಾವು ಬೇರೆ ಕಣ್ಣಿನಿಂದ ಕಾಣಬಹುದು.

ಕರುಳಿನ ಕ್ಯಾನ್ಸರ್, ದೊಡ್ಡ ಕರುಳಿನ ತೀವ್ರ ಹುಣ್ಣು, ಟೈಫಾಯ್ಡ್ ಅಥವಾ ಕ್ಷಯದಿಂದ ಕರುಳಿನಲ್ಲಿ ಬಿದ್ದ ರಂಧ್ರ, ಅಪಘಾತ, ಹುಟ್ಟುವಾಗಲೇ ಗುದದ್ವಾರವಿಲ್ಲದಿರುವುದು, ಹೀಗೆ ಹಲವು ಕಾರಣಗಳಿಂದ ವೈದ್ಯರು ಕರುಳಿನ ತುದಿಯನ್ನು ಹೊಟ್ಟೆಯ ಮೇಲ್ಭಾಗಕ್ಕೆ ತಂದು ಹೊಲಿಯಬೇಕಾಗುತ್ತದೆ. ದೊಡ್ಡ ಕರುಳಿನಿಂದಾದರೆ ಅದು ಕೊಲಾಸ್ಟಮಿ, ಸಣ್ಣ ಕರುಳಿನಿಂದಾದರೆ ಇಲಿಯಾಸ್ಟಮಿ, ಮೂತ್ರಕ್ಕಾದರೆ ಯೂರಾಸ್ಟಮಿ. ಹೊರಗೆ ಕಾಣುವ ಕೆಂಪು ದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಬಾಯಿ; ಹೊಸ ಒಡಂಬಡಿಕೆಯ ಮೂಲದಲ್ಲಿ ಬಾಯಿಗೆ ಬಳಸಿರುವ ಶಬ್ದವೂ ಇದೇ. ಆದರೆ ಈ ಬಾಯಿಗೆ ಮುಚ್ಚಿಕೊಳ್ಳುವ ಸ್ನಾಯುವಿಲ್ಲ. ಬಂದದ್ದನ್ನು ತಡೆಹಿಡಿಯಲು ರೋಗಿಯಿಂದಾಗದು. ಚೀಲ ಬೇಕಾಗುವುದು ಇದಕ್ಕಾಗಿಯೇ.

1710ರಲ್ಲಿ ಫ್ರಾನ್ಸಿನ ಅಲೆಕ್ಸಿ ಲಿತ್ರೆ ಎಂಬ ವೈದ್ಯನು, ಗುದದ್ವಾರವಿಲ್ಲದೆ ಹುಟ್ಟಿ ತೀರಿಹೋದ ಶಿಶುವಿನ ದೇಹವನ್ನು ಪರೀಕ್ಷಿಸಿ, ಕರುಳನ್ನು ಹೊಟ್ಟೆಯ ಮೇಲೆ ತೆರೆದಿದ್ದರೆ ಇಂತಹ ಮಗು ಬದುಕಬಹುದಲ್ಲವೇ ಎಂದು ಕೇಳಿದನು. ಆ ಪ್ರಶ್ನೆ ಕಾರ್ಯರೂಪಕ್ಕೆ ಬರಲು 66 ವರ್ಷಗಳು ಹಿಡಿದವು. 1776ರಲ್ಲಿ ರುವಾಂ ನಗರದ ಪಿಯೋರ್ ಎಂಬ ಶಸ್ತ್ರವೈದ್ಯನು, ಕರುಳು ಕಟ್ಟಿಹೋಗಿದ್ದ ದ್ರಾಕ್ಷಾರಸದ ವ್ಯಾಪಾರಿಯೊಬ್ಬನಿಗೆ ಈ ಚಿಕಿತ್ಸೆ ಮಾಡಿದನು. ದ್ವಾರದ ಮೇಲೆ ಒಂದು ಸ್ಪಂಜನ್ನಿಟ್ಟು ಪಟ್ಟಿಯಿಂದ ಬಿಗಿದರು. ಆ ಕಾಲದ ಚೀಲ ಅದೇ. ಕರುಳು ತೆರವಾಗಲೆಂದು ಮೊದಲೇ ಕುಡಿಸಿದ್ದ ಪಾದರಸ ಒಳಗೇ ಉಳಿದು, 28ನೆಯ ದಿನ ರೋಗಿ ತೀರಿಕೊಂಡನು. 1793ರಲ್ಲಿ ಬ್ರೆಸ್ಟ್ ಪಟ್ಟಣದ ದ್ಯುರೆ ಎಂಬ ವೈದ್ಯನು ಮೂರು ದಿನದ ಹಸುಳೆಯೊಂದಕ್ಕೆ ಇದೇ ಚಿಕಿತ್ಸೆ ಮಾಡಿದನು. ಆ ಮಗು ಬೆಳೆದು 45 ವರ್ಷ ಬಾಳಿತು.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ವೈದ್ಯನ ಹೆಸರು ಪುಸ್ತಕಗಳಲ್ಲಿದೆ. ಆದರೆ ಆ 45 ವರ್ಷಗಳಲ್ಲಿ ಪ್ರತಿದಿನ ಬಟ್ಟೆ ಬದಲಿಸಿದವರು, ಒಗೆದವರು, ಒಣಗಿಸಿದವರು ಯಾರು? ತಾಯಿಯೋ, ಅಕ್ಕನೋ, ಮಡದಿಯೋ? ಅದನ್ನು ಯಾರೂ ಬರೆದಿಡಲಿಲ್ಲ. ಮುಂದಿನ ಒಂದೂವರೆ ಶತಮಾನ ಶಸ್ತ್ರಚಿಕಿತ್ಸೆ ಮುಂದುವರಿಯಿತು; ಅದರ ನಂತರದ ಬದುಕು ಮಾತ್ರ ಬಟ್ಟೆ, ತಗಡಿನ ಬಟ್ಟಲು, ರಬ್ಬರ್ ಚೀಲಗಳಲ್ಲೇ ಉಳಿಯಿತು. ಸಣ್ಣ ಕರುಳಿನಿಂದ ಬರುವ ದ್ರವದಲ್ಲಿ ಜೀರ್ಣರಸಗಳಿರುವುದರಿಂದ ಅದು ತಗುಲಿದ ಚರ್ಮ ಸುಟ್ಟಂತಾಗುತ್ತದೆ. ಪ್ರಾಣ ಉಳಿದರೂ ಮನೆಯಿಂದ ಹೊರಗೆ ಕಾಲಿಡಲಾರದ ಸ್ಥಿತಿ ಅನೇಕರದಾಗಿತ್ತು.

ಈ ಬದುಕು ಬದಲಾದದ್ದು 1950ರ ದಶಕದಲ್ಲಿ. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ರಯನ್ ಬ್ರೂಕ್, ಅಂಗಿಯ ತೋಳನ್ನು ಮಡಚುವಂತೆ ಕರುಳಿನ ತುದಿಯನ್ನು ಹೊರಮಡಚಿ ಹೊಲಿಯುವ ವಿಧಾನವನ್ನು ಪ್ರಕಟಿಸಿದರು. ದ್ವಾರವು ಚರ್ಮದಿಂದ ತುಸು ಮೇಲೆದ್ದು ನಿಂತು, ದ್ರವ ನೇರವಾಗಿ ಚೀಲಕ್ಕೆ ಬೀಳುವಂತಾಯಿತು.

ಅದೇ ವರ್ಷಗಳಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನ ರೂಪರ್ಟ್ ಟರ್ನ್‌ಬುಲ್ ಅವರು ಚರ್ಮವನ್ನು ಕಾಪಾಡಲು ಕರಾಯ ಎಂಬ ಅಂಟನ್ನು ಬಳಕೆಗೆ ತಂದರು. ಇದು ನಮ್ಮ ದೇಶದ ಅಂಟು. ದಖ್ಖನಿನ ಮತ್ತು ಮಧ್ಯ ಭಾರತದ ಒಣ ಬೆಟ್ಟಗಳಲ್ಲಿ ಬೆಳೆಯುವ, ಬಿಳಿಯ ತೊಗಟೆಯ ಮರದಿಂದ ಚೆಂಚು ಮೊದಲಾದ ಬುಡಕಟ್ಟುಗಳ ಜನರು ಇದನ್ನು ಸಂಗ್ರಹಿಸುತ್ತಾ ಬಂದಿದ್ದಾರೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ವಸಡಿಗೆ ಅಂಟಿಸುವ ಪುಡಿಯಲ್ಲಿ ಅದು ಆಗಲೇ ಬಳಕೆಯಲ್ಲಿತ್ತು. ತೇವವನ್ನು ಹೀರಿ ಉಬ್ಬಿ, ಒದ್ದೆ ಚರ್ಮಕ್ಕೂ ಹತ್ತಿಕೊಳ್ಳುವ ಅದರ ಗುಣವು ರೋಗಿಗಳ ಪಾಲಿಗೆ ವರವಾಯಿತು. ಇಂದು ಪೆಕ್ಟಿನ್, ಜೆಲಟಿನ್ ಮುಂತಾದವುಗಳಿಂದ ಮಾಡಿದ ಬಿಲ್ಲೆಗಳು ಬಹುಮಟ್ಟಿಗೆ ಅದರ ಸ್ಥಾನವನ್ನು ಪಡೆದಿವೆ. ಆದರೂ ನಮ್ಮ ಕಾಡಿನ ಬಡ ಕೈಗಳು ಆಯ್ದ ಅಂಟು ಎಲ್ಲೋ ದೂರದ ರೋಗಿಗಳ ನೋವನ್ನು ತಗ್ಗಿಸಿತೆಂಬುದು ನೆನಪಿನಲ್ಲಿರಲಿ.

1954ರಲ್ಲಿ ಟರ್ನ್‌ಬುಲ್ ಅವರು ನಾರ್ಮಾ ಗಿಲ್ ಎಂಬ ಗೃಹಿಣಿಗೆ ಇಲಿಯಾಸ್ಟಮಿ ಮಾಡಿದ್ದರು. ಗುಣಮುಖಳಾದ ಆಕೆ ತನ್ನಂತಹ ಇತರರಿಗೆ ನೆರವಾಗತೊಡಗಿದಳು. 1958ರಲ್ಲಿ ವೈದ್ಯರು ಆಕೆಯನ್ನೇ ಆಸ್ಪತ್ರೆಯ ಕೆಲಸಕ್ಕೆ ತೆಗೆದುಕೊಂಡರು. 1961ರಲ್ಲಿ ಇಬ್ಬರೂ ಸೇರಿ ಈ ಆರೈಕೆಗಾಗಿಯೇ ಒಂದು ಶಾಲೆಯನ್ನು ತೆರೆದರು. ರೋಗಿಯೇ ಶಿಕ್ಷಕಿಯಾದ ಬಗೆ ಇದು.

ಡೆನ್ಮಾರ್ಕಿನಲ್ಲಿ ಎಲಿಸೆ ಸೋರೆನ್‌ಸನ್ ಎಂಬ ನರ್ಸ್ ಇದ್ದರು. ಅವರ ತಂಗಿ ಥೋರಾ ಕೊಲಾಸ್ಟಮಿಯ ನಂತರ ಸೋರುವ ಭಯದಿಂದ ಜನರ ನಡುವೆ ಹೋಗುವುದನ್ನೇ ಬಿಟ್ಟಿದ್ದಳು. ತಂಗಿಗಾಗಿ ಅಕ್ಕ 1954ರಲ್ಲಿ, ತಾನಾಗಿ ಅಂಟಿಕೊಳ್ಳುವ, ಬಳಸಿ ಬಿಸಾಡಬಹುದಾದ ಪ್ಲಾಸ್ಟಿಕ್ ಚೀಲವೊಂದನ್ನು ಕಲ್ಪಿಸಿದರು. ಪ್ಲಾಸ್ಟಿಕ್ ತಯಾರಕ ಓಯೆ ಲೂಯಿ ಹಾನ್ಸನ್ ಮೊದಲು ಒಪ್ಪಲಿಲ್ಲ. ನರ್ಸ್ ಆಗಿದ್ದ ಅವರ ಪತ್ನಿ ಯೋಹಾನ್ನೆ ಅದರ ಬೆಲೆಯನ್ನರಿತು ಗಂಡನ ಮನವೊಲಿಸಿದರು. 1957ರಲ್ಲಿ ಕೋಲೋಪ್ಲಾಸ್ಟ್ ಸಂಸ್ಥೆ ಆರಂಭವಾಯಿತು. ಇಂದು ಲೋಕದಾದ್ಯಂತ ಬಳಕೆಯಲ್ಲಿರುವ ಅಂಟುಚೀಲದ ಹಿಂದೆ, ಬಾಗಿಲು ಮುಚ್ಚಿ ಕುಳಿತ ತಂಗಿಯನ್ನು ಕಂಡು ಸುಮ್ಮನಿರಲಾರದ ಒಬ್ಬ ಅಕ್ಕನಿದ್ದಾಳೆ.

ನಮ್ಮ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. 1973ರಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯೂ ಹೆಬ್ಬಾಳದಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆಯೂ ಆರಂಭವಾದವು. ಆಗ ಊರಿನ ಹೊರಗಿದ್ದ ಬಳ್ಳಾರಿ ರಸ್ತೆಯ ಈ ಆಸ್ಪತ್ರೆಗೆ 1974ರಲ್ಲಿ ರೆಬೆಕಾ ನೇಲರ್ ಎಂಬ ಶಸ್ತ್ರವೈದ್ಯೆ ಅಮೆರಿಕದಿಂದ ಬಂದು ದಶಕಗಳ ಕಾಲ ದುಡಿದರು. 1996ರಲ್ಲಿ ಅಲ್ಲಿ ಆರಂಭವಾದ ನರ್ಸಿಂಗ್ ಶಾಲೆಗೆ ಅವರ ಹೆಸರನ್ನೇ ಇಟ್ಟರು. ಶಸ್ತ್ರವೈದ್ಯೆಯ ಹೆಸರು ನರ್ಸಿಂಗ್ ಶಾಲೆಯ ಮೇಲಿರುವುದು ನಮ್ಮ ಈ ಚರಿತ್ರೆಗೂ ಒಪ್ಪುವ ಮಾತೇ ಆಗಿದೆ.

ಇನ್ನೊಂದು ಸಂಗತಿ ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಗುಂಡೇಟು ತಿಂದ ಜಗದ್ಗುರು ಎರಡನೇ ಜಾನ್ ಪಾಲ್ ಅವರ ಕರುಳಿನ ಒಂದು ಭಾಗವನ್ನು ತೆಗೆದು, ತಾತ್ಕಾಲಿಕ ಕೊಲಾಸ್ಟಮಿ ಮಾಡಲಾಗಿತ್ತು. ಆಗಸ್ಟ್ 5ರಂದು ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಮುಚ್ಚಿದರು. 1986ರ ಫೆಬ್ರವರಿಯಲ್ಲಿ ಅವರು ಮಂಗಳೂರಿಗೆ ಬಂದಾಗ ದರ್ಶನ ಪಡೆದವರು ಈ ಓದುಗರಲ್ಲಿಯೂ ಇರಬಹುದು. ಸುಮಾರು ಹನ್ನೆರಡು ವಾರ ಅವರೂ ಈ ಸ್ಥಿತಿಯನ್ನು ಅನುಭವಿಸಿದ್ದರು. ಇದನ್ನು ನಾಚಿಕೆಯ ವಿಷಯವೆನ್ನಲು ನಮಗೆ ಯಾವ ಹಕ್ಕಿದೆ?

ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆಯಾಗಿದ್ದರೆ, ಚೀಲವನ್ನು ಆರಿಸುವಾಗ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಿ. ಇಲಿಯಾಸ್ಟಮಿಯಿಂದ ದ್ರವ ಬರುವುದರಿಂದ ಕೆಳಗೆ ಬಿಚ್ಚಿ ಖಾಲಿ ಮಾಡಬಹುದಾದ ಚೀಲವೇ ಬೇಕು. ಎಡಭಾಗದ ಕೊಲಾಸ್ಟಮಿಯಲ್ಲಿ ಮಲ ಗಟ್ಟಿಯಾಗಿದ್ದರೆ ಮುಚ್ಚಿದ ಚೀಲವೂ ಆದೀತು, ಆದರೆ ಅದನ್ನು ಪ್ರತಿ ಸಲ ಬಿಸಾಡಬೇಕಾದ್ದರಿಂದ ಖರ್ಚು ಹೆಚ್ಚು. ಯೂರಾಸ್ಟಮಿಗೆ ನಲ್ಲಿಯಿರುವ ಚೀಲ ಬೇಕು. ಬಿಲ್ಲೆ ಮತ್ತು ಚೀಲ ಒಂದೇ ಆಗಿರುವ ಬಗೆ ತೆಳ್ಳಗಿದ್ದು ಬಟ್ಟೆಯಡಿ ಕಾಣದು. ಬೇರೆ ಬೇರೆಯಾಗಿರುವ ಬಗೆಯಲ್ಲಿ ಬಿಲ್ಲೆಯನ್ನು ಕೀಳದೆಯೇ ಚೀಲ ಬದಲಿಸಬಹುದು. ದ್ವಾರ ಒಳಕ್ಕೆ ಸರಿದಿದ್ದರೆ ಉಬ್ಬು ಬಿಲ್ಲೆಯ ಬಗ್ಗೆ ವೈದ್ಯರನ್ನು ಕೇಳಿ.

ಎಲ್ಲಕ್ಕಿಂತ ಮುಖ್ಯವಾದುದು ಅಳತೆ. ಬಿಲ್ಲೆಯ ರಂಧ್ರ ಸ್ಟೋಮಾಕ್ಕಿಂತ 2ರಿಂದ 3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಚಿಕಿತ್ಸೆಯ ನಂತರದ 6ರಿಂದ 8 ವಾರಗಳಲ್ಲಿ ಬಾವು ಇಳಿಯುವುದರಿಂದ ಮತ್ತೆ ಮತ್ತೆ ಅಳೆಯಬೇಕು. ಹಳೆಯ ಅಳತೆಗೇ ಕತ್ತರಿಸುತ್ತಾ ಹೋದರೆ ಸುತ್ತಲಿನ ಚರ್ಮ ಬೇಯುತ್ತದೆ. ಚೀಲದ ಮೂರನೆಯ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಿ. ಬರಿಯ ನೀರಿನಿಂದ ತೊಳೆದು, ಮೆತ್ತಗೆ ಒತ್ತಿ ಒಣಗಿಸಿ. ಹಿರಿಯರು ಅಕ್ಕರೆಯಿಂದ ಕೊಬ್ಬರಿ ಎಣ್ಣೆ ಹಚ್ಚಲು ಹೇಳುತ್ತಾರೆ. ಎಣ್ಣೆ ಇರುವ ಚರ್ಮಕ್ಕೆ ಬಿಲ್ಲೆ ಹಿಡಿಯದು. ಸೀರೆಯ ಅಥವಾ ಪಂಚೆಯ ಬಿಗಿ ದ್ವಾರದ ಮೇಲೆ ಬೀಳದಿರಲಿ. ಇಲಿಯಾಸ್ಟಮಿ ಇರುವವರು ನೀರು, ಉಪ್ಪಿನಂಶ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಸ್ಟೋಮಾ ತುಟಿಯ ಒಳಭಾಗದಂತೆ ಕೆಂಪಗೆ ತೇವವಾಗಿರಬೇಕು. ಅದು ಕಪ್ಪಾದರೆ, ರಕ್ತ ನಿಲ್ಲದಿದ್ದರೆ, ಅಥವಾ ಹೊಟ್ಟೆನೋವಿನೊಡನೆ ಏನೂ ಹೊರಬರದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬೆಲೆಯ ಮಾತೂ ಇದೆ. 2022ರ ಜುಲೈ 18ರಿಂದ ಈ ಸಾಮಗ್ರಿಗಳ ಮೇಲಿನ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ಆದರೂ ತಿಂಗಳು ತಿಂಗಳೂ ಕೊಳ್ಳಬೇಕಾದ ವಸ್ತು ದಿನಗೂಲಿಯ ಮನೆಗೆ ಭಾರವೇ. ಉಳಿತಾಯಕ್ಕೆಂದು ಸೋರುವ ಬಿಲ್ಲೆಯನ್ನೇ ಇನ್ನೆರಡು ದಿನ ಇಟ್ಟುಕೊಳ್ಳುವವರಿದ್ದಾರೆ. ಧರ್ಮಕೇಂದ್ರದ ಸಹಾಯನಿಧಿಯಿಂದ ಔಷಧಿಗೆ ಕೊಡುವಾಗ ಚೀಲವನ್ನೂ ಔಷಧಿಯೆಂದೇ ಎಣಿಸಬಾರದೇಕೆ?

ಓದುಗರೇ, ಕೊನೆಯ ಬೆಂಚಿನಲ್ಲಿ ಕುಳಿತವರನ್ನು ಏನಾಯಿತೆಂದು ಕೆದಕಿ ಕೇಳುವುದು ಬೇಡ. ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಪೂಜೆಯ ನಡುವೆ ಅವರು ಎದ್ದು ಹೋದರೆ ತಿರುಗಿ ನೋಡಬೇಡಿ. ಮರಳಿ ಬಂದಾಗ ಸರಿದು ಜಾಗ ಕೊಡಿ. ನಿಮ್ಮ ಮಗಳ ಮದುವೆಗೆ ಕರೆಯುವಾಗ, ಶೌಚಾಲಯ ಊಟದ ಮನೆಗೆ ಹತ್ತಿರವೇ ಇದೆಯೆಂದು ಮೆಲ್ಲಗೆ ಒಂದು ಮಾತು ಸೇರಿಸಿ. ಅವರು ಬರುವುದಕ್ಕೆ ಆ ಒಂದು ಮಾತು ಸಾಕಾಗಬಹುದು.