1856ರ ಧಾರವಾಡದ ಹುಡುಗ, 2020ರ ಆನ್‌ಲೈನ್ ಕ್ಲಾಸು



ಸ್ವಲ್ಪ ಉದ್ದದ ಬರಹ. ಬಿಡುವು ಮಾಡ್ಕೊಂಡು ಓದಿ.

ಕೊರೊನಾ ಕಾಲದ ಮಾತು ತೆಗೆದರೆ ಈಗ "ಅದು ಮುಗಿದ ಕತೆ ಬಿಡ್ರಿ" ಅಂತಾರೆ. ನಮ್ಮ ಕೇರಿ ಹುಡುಗರ ಪಾಲಿಗೆ ಮುಗಿದಿಲ್ಲ. ಆಗ ಬಿ.ಎ., ಬಿ.ಎಸ್ಸಿ., ಎಂ.ಎ. ಓದ್ತಿದ್ದ ನಮ್ಮವರಲ್ಲಿ ಎಷ್ಟು ಜನ ಮತ್ತೆ ಕ್ಲಾಸಿಗೆ ಹೋಗಲೇ ಇಲ್ಲ? ಆ ಪಟ್ಟಿ ನಮ್ಮ ಯಾವ ಸಂಘಟನೆಯ ಕೈಯಲ್ಲಾದರೂ ಇದೆಯಾ? ನನ್ನ ಹತ್ರ ಅಂತೂ ಇಲ್ಲ. ಆ ತಪ್ಪಿತಸ್ಥ ಭಾವದಿಂದಲೇ ಇದನ್ನು ಬರೀತಿದ್ದೀನಿ.

ಈ ಕತೆ 2020ರಲ್ಲಿ ಶುರುವಾಗಿದ್ದಲ್ಲ. ಧಾರವಾಡದಿಂದ ಹೇಳ್ತೀನಿ.

1856ನೇ ಇಸವಿ. ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸ್ಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಕೇಳಿದ. ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನಾಗದೆ ಮುಂಬಯಿ ಸರ್ಕಾರಕ್ಕೇ ಮನವಿ ಸಲ್ಲಿಸಿದ. ಸರ್ಕಾರದ ಉತ್ತರದ ಸಾರ ಇಷ್ಟು: ನ್ಯಾಯ ನಿನ್ನ ಕಡೆಗೇ ಇದೆ, ಆದರೆ ನಿನ್ನೊಬ್ಬನನ್ನು ಒಳಗೆ ಬಿಟ್ಟರೆ ಉಳಿದವರಿಗೆ ಈ ಶಾಲೆ ಉಪಯೋಗಕ್ಕೆ ಬಾರದಂತಾಗುತ್ತೆ. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ಸೇರಿದ್ದು ಅಂತ ಬರೆದರು. ಕಾಗದದಲ್ಲಿ ಬಾಗಿಲು ತೆರೀತು, ಊರಲ್ಲಿ ತೆರೀಲಿಲ್ಲ. ಅದಾಗಿ ಎಪ್ಪತ್ತು ವರ್ಷಕ್ಕೆ, 1928ರಲ್ಲಿ, ಬಾಬಾಸಾಹೇಬರು ಸೈಮನ್ ಆಯೋಗಕ್ಕೆ ನಮ್ಮ ಶಿಕ್ಷಣದ ಸ್ಥಿತಿ ಬಗ್ಗೆ ಹೇಳಿಕೆ ಕೊಟ್ಟಾಗ ಈ ಧಾರವಾಡದ ಹುಡುಗನ ಪ್ರಕರಣವನ್ನು ಮುಂದಿಟ್ಟರು.

ಆ ಉತ್ತರದ ತರ್ಕ ಗಮನಿಸಿ. ಹುಡುಗ ದಡ್ಡ ಅನ್ನಲಿಲ್ಲ, ಅವನಿಗೆ ಹಕ್ಕಿಲ್ಲ ಅಂತಲೂ ಅನ್ನಲಿಲ್ಲ. ಬಹಳ ಜನರ ಅನುಕೂಲಕ್ಕೆ ನೀನು ಹೊರಗಿರು, ಅಷ್ಟೇ ಅಂದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಶಾಲೆ ಬಾಗಿಲು ತೆರೆದ ಮಾತ್ರಕ್ಕೆ ನಮ್ಮ ಮಕ್ಕಳು ಓದೋಕಾಗಲ್ಲ ಅಂತ ಬಾಬಾಸಾಹೇಬರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಗೋಣಿತಟ್ಟಿನ ಮೇಲೆ ಬೇರೆ ಕೂತು ಓದಿದವರು ಅವರು. ಜವಾನ ಬರದಿದ್ದ ದಿನ ಕುಡಿಯೋಕೆ ನೀರೂ ಸಿಗ್ತಿರಲಿಲ್ಲ. ಹಾಗಾಗಿ 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ ಮರುವರ್ಷವೇ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆದರು. 1929ರಲ್ಲಿ ಧಾರವಾಡದಲ್ಲೂ ತೆರೆದರು. ಹೌದು, ಆ ಹುಡುಗನನ್ನು ಹೊರಗಿಟ್ಟ ಅದೇ ಧಾರವಾಡದಲ್ಲಿ.

ಹಾಸ್ಟೆಲ್ ಅಂದ್ರೆ ಬರೀ ಅನ್ನ ಸಾರು ಅಂದ್ಕೋಬೇಡಿ. ಸಂಜೆ ಏಳಕ್ಕೆ ಲೈಟು, ಅರ್ಥ ಆಗದ್ದನ್ನ ಕೇಳೋಕೆ ಸೀನಿಯರ್, "ಕೂಲಿಗೆ ಬಾ" ಅಂತ ಯಾರೂ ಬಾಗಿಲು ಬಡಿಯದ ಒಂದು ಮುಂಜಾನೆ. ನಮ್ಮ ಚಳವಳಿ ಬೆಳೆದಿದ್ದೂ ಅಲ್ಲೇ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿನ ಗಲಾಟೆಯಲ್ಲಿ ಏಟು ತಿಂದವರು ಹಾಸ್ಟೆಲ್ ಹುಡುಗರು. ಆಮೇಲೆ ದಲಿತ ಸಂಘರ್ಷ ಸಮಿತಿ ಕಟ್ಟೋಕೆ ಹೆಗಲು ಕೊಟ್ಟವರಲ್ಲೂ ಅವರಿದ್ದರು.

ಈಗ 2020ಕ್ಕೆ ಬರೋಣ.

ಮಾರ್ಚ್ 13ಕ್ಕೆ ನಮ್ಮ ರಾಜ್ಯದಲ್ಲಿ ಆದೇಶ ಆಯ್ತು, ವಿಶ್ವವಿದ್ಯಾಲಯಗಳು ಒಂದು ವಾರ ಬಂದ್. ಹುಡುಗರು ಪುಸ್ತಕ ಟ್ರಂಕಿನಲ್ಲೇ ಬಿಟ್ಟು, ಎರಡು ಜೊತೆ ಬಟ್ಟೆ ತಗೊಂಡು ಊರಿಗೆ ಹೋದರು. 24ರ ರಾತ್ರಿ ಇಡೀ ದೇಶಕ್ಕೇ ಬೀಗ. ಎಷ್ಟೋ ಹಾಸ್ಟೆಲ್‌ಗಳು ಕ್ವಾರಂಟೈನ್ ಕೇಂದ್ರಗಳಾದವು. ರೋಗ ನಿಜ, ಬೀಗ ಹಾಕಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಬೀಗ ಹಾಕಿದ ಮೇಲೆ ಓದನ್ನು ಎಲ್ಲಿಗೆ ಸಾಗಿಸಿದರು ಅನ್ನೋದು ನನ್ನ ಪ್ರಶ್ನೆ. ಮೊಬೈಲಿಗೆ ಸಾಗಿಸಿದರು.

ಮೊಬೈಲ್ ಯಾರ ಮನೇಲಿತ್ತು, ಇಂಟರ್ನೆಟ್ ಯಾರ ಮನೇಲಿತ್ತು? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4 ಮನೆಗಳಲ್ಲಿ. ಇಂಟರ್ನೆಟ್ ಸೌಲಭ್ಯ ಇದ್ದದ್ದು 14.9ರಲ್ಲಿ. ಪಟ್ಟಣಗಳಲ್ಲಿ ಇದು 23.4 ಮತ್ತು 42. ಈ ಅಂಕಿಗಳು 2019ರಲ್ಲೇ ಪ್ರಕಟವಾಗಿದ್ದವು. ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ಆಗ ನಾವೊಂದಿಷ್ಟು ಗೆಳೆಯರು ಕೇರಿಗಳಿಗೆ ರೇಷನ್ ಕಿಟ್ ಹಂಚ್ತಾ ಓಡಾಡ್ತಿದ್ವಿ. ಒಬ್ಬ ಎಂ.ಎ. ಓದೋ ಹುಡುಗ ಕಿಟ್ ಇಸ್ಕೊಂಡು, ತಲೆ ತಗ್ಗಿಸಿ ಕೇಳಿದ, "ಅಣ್ಣಾ, ಅಕ್ಕಿ ಸಾಕು. ಒಂದು ರಿಚಾರ್ಜ್ ಮಾಡಸ್ತೀರೇನು? ನಾಳಿ ಇಂಟರ್ನಲ್ ಐತಿ."

ಮಾಡಿಸಿದ್ವಿ. ಎರಡು ದಿನ ಬಿಟ್ಟು ಫೋನ್ ಮಾಡಿ ಕೇಳಿದೆ, ಬರೆದ್ಯಾ ಅಂತ.

"ಇಲ್ಲಣ್ಣ. ನಮ್ಮ ಕೇರ್ಯಾಗ ಟವರ್ ಸಿಗಂಗಿಲ್ಲ. ಸಿಗೋದು ಊರೊಳಗ, ಗುಡಿ ಕಟ್ಟಿ ಹತ್ರ. ಅಲ್ಲಿ ಕುಂತ್ರ ಯಾರ ಮಗ ನೀನು, ಇಲ್ಲೇನ್ ಕೆಲಸ ಅಂತ ಕೇಳ್ತಾರ. ಎದ್ದು ಬಂದೆ."

ಗೆಳೆಯರೆ, ಈ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಿಗ್ನಲ್‌ಗೆ ಜಾತಿ ಇಲ್ಲ, ನಿಜ. ಸಿಗ್ನಲ್ ಸಿಗೋ ಕಟ್ಟೆಗೆ ಇದೆ. ಅದೇ ಹುಡುಗ ಹಾಸ್ಟೆಲ್ಲಿನಲ್ಲಿದ್ದಿದ್ದರೆ ಈ ಪ್ರಶ್ನೆ ಬರ್ತಿರಲಿಲ್ಲ.

ಮನೇಲಿ ಇದ್ದದ್ದು ಒಂದೇ ಫೋನು, ಅದೂ ಅಪ್ಪನದು. ಅಪ್ಪ ಕೂಲಿಗೆ ಹೋದರೆ ಫೋನೂ ಹೋಯ್ತು, ಹಾಜರಿನೂ ಹೋಯ್ತು. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮನೇಲಿದ್ದಾಳಲ್ಲ ಅಂತ ಒಲೆ, ನೀರು, ತಮ್ಮ ತಂಗಿಯರು ಎಲ್ಲ ಅವಳ ತಲೆಗೆ. ನನಗೆ ಗೊತ್ತಿರೋ ಒಬ್ಬ ತಂಗಿ, ಅವಳ ಮನೇಲಿ ಪದವಿವರೆಗೆ ಬಂದ ಮೊದಲನೆಯವಳು. ಆ ಮೇ ತಿಂಗಳಲ್ಲೇ ಮದುವೆ ಮಾಡಿ ಕಳಿಸಿಬಿಟ್ಟರು. ಕಾಲೇಜಿನ ಲೆಕ್ಕದಲ್ಲಿ ಅವಳು ಬರೀ 'ಗೈರುಹಾಜರಿ'.

ಒಬ್ಬ ಉಪನ್ಯಾಸಕರನ್ನ ಕೇಳಿದೆ, ಸರ್, ಲಿಂಕ್ ತೆರೆಯೋಕಾಗದವರ ಗತಿ ಏನು? ಅವರು ಕೆಟ್ಟವರಲ್ಲ, ಪಾಪ, ಬೇಜಾರಲ್ಲೇ ಹೇಳಿದರು: "ನೀವು ಹೇಳೋದು ಸರಿನೇ. ಆದ್ರೆ ಕೆಲವರಿಗೋಸ್ಕರ ಎಲ್ಲರ ವರ್ಷ ಹಾಳು ಮಾಡೋಕಾಗುತ್ತಾ?"

ನನಗೆ ಧಾರವಾಡದ ಹುಡುಗ ನೆನಪಾದ. ನ್ಯಾಯ ನಿನ್ನ ಕಡೆಗೇ ಇದೆ, ಆದರೆ... 164 ವರ್ಷ ಆದ್ಮೇಲೂ ಅದೇ 'ಆದರೆ'.

ಪರೀಕ್ಷೆಯಲ್ಲೂ ಇದೇ ಆಯ್ತು. ಅಂತಿಮ ವರ್ಷದ ಪರೀಕ್ಷೆ ಸೆಪ್ಟೆಂಬರ್ 30ರೊಳಗೆ ಮುಗಿಸಿ ಅಂತ ಯುಜಿಸಿ ಜುಲೈ 6ಕ್ಕೆ ಹೇಳಿತು. ಪರೀಕ್ಷೆ ಇಲ್ಲದೆ ಪಾಸು ಮಾಡುವಂತಿಲ್ಲ, ಬೇಕಾದರೆ ರಾಜ್ಯಗಳು ದಿನಾಂಕ ಮುಂದಕ್ಕೆ ಕೇಳಬಹುದು ಅಂತ ಆಗಸ್ಟ್ 28ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪದವಿಗೆ ಬೆಲೆ ಇರಬೇಕು ಅನ್ನೋದನ್ನ ನಾನೂ ಒಪ್ತೀನಿ. ಪಾಠ ತಲುಪಿತೋ ಇಲ್ವೋ ಅಂತ ಕೇಳದೆ ಪರೀಕ್ಷೆಯನ್ನು ಮಾತ್ರ ಎಲ್ಲರಿಗೂ ಸಮಾನವಾಗಿ ತಲುಪಿಸೋದು ಯಾವ ನ್ಯಾಯ?

"ಹಂಗಾದ್ರೆ ನೀವು ದೂರಶಿಕ್ಷಣದ ವಿರೋಧಿನಾ?" ಅಂತ ಕೆಲವರು ಕೇಳ್ತಾರೆ. ಅಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಮೂಲಕ ಪಾಠ ಶುರು ಮಾಡಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂತು. ಕೆಲಸ ಮಾಡ್ತಾ ಓದಿದ ನಮ್ಮವರು ಎಷ್ಟೋ ಜನ ಹೀಗೆ ಪದವಿ ಪಡೆದರು. ಅಲ್ಲಿ ಅಚ್ಚಾದ ಪುಸ್ತಕ ಅಂಚೆಯಣ್ಣನ ಕೈಲಿ ಕೇರಿವರೆಗೂ ಬರ್ತಿತ್ತು. ಚಿಮಣಿ ಬೆಳಕಲ್ಲೂ ಓದಬಹುದಿತ್ತು, ಇವತ್ತು ಆಗದಿದ್ರೆ ನಾಳೆ ಓದಬಹುದಿತ್ತು. 2020ರಲ್ಲಿ ಬೆಳಿಗ್ಗೆ ಹತ್ತೂವರೆಗೆ ಟವರ್ ಸಿಗಲಿಲ್ಲ ಅಂದ್ರೆ ಆ ಪಾಠ ಹೋಯ್ತು. ಅಂಚೆ ಕಚೇರಿಗಳು ಆಗಲೂ ಇದ್ದವು. ನೋಟ್ಸ್ ಅಚ್ಚು ಹಾಕಿಸಿ ಕಳಿಸೋಣ ಅಂತ ಎಷ್ಟು ಕಾಲೇಜುಗಳಿಗೆ ಹೊಳೀತು?

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ? 2021ರಲ್ಲಿ ಯುಜಿಸಿ, ಪ್ರತಿ ಕೋರ್ಸಿನ ಶೇಕಡಾ 40ರವರೆಗೆ ಆನ್‌ಲೈನ್‌ನಲ್ಲಿ ಕಲಿಸಬಹುದು ಅನ್ನೋ ಪ್ರಸ್ತಾವ ಮುಂದಿಟ್ಟಿತು. ತುರ್ತಿಗೆ ಬಂದದ್ದು ವ್ಯವಸ್ಥೆಯಾಗಿ ಉಳೀತಿದೆ. ಕ್ಲಾಸು ಫೋನಿಗೆ ಹೋದಮೇಲೆ ಹಾಸ್ಟೆಲ್ ಯಾಕೆ ಬೇಕು ಅಂತ ನಾಳೆ ಕೇಳ್ತಾರೆ. ಆಗ ನಮ್ಮ ಹತ್ರ ಉತ್ತರ ಇರಬೇಕು. ಭಾಷಣ ಸಾಲಲ್ಲ, ದಾಖಲೆ ಬೇಕು.

ಅದಕ್ಕೇ ಒಂದು ಕೆಲಸ ಹೇಳ್ತೀನಿ. ನಿಮ್ಮ ಕೇರಿಯಲ್ಲಿ, ನಿಮ್ಮ ಹಳೇ ಹಾಸ್ಟೆಲ್ಲಿನಲ್ಲಿ, 2020-21ರಲ್ಲಿ ಓದು ಬಿಟ್ಟವರು ಯಾರು ಅಂತ ವಿಚಾರಿಸಿ ಬರೆದಿಡಿ. ಯಾವ ಕೋರ್ಸು, ಎಷ್ಟನೇ ಸೆಮಿಸ್ಟರ್, ಯಾಕೆ ಬಿಟ್ಟರು, ಈಗ ಏನ್ ಮಾಡ್ತಿದ್ದಾರೆ. ಹೆಸರುಗಳನ್ನ ಇಲ್ಲಿ ಕಮೆಂಟಲ್ಲಿ ಹಾಕಬೇಡಿ, ನೋಟ್‌ಬುಕ್ಕಲ್ಲಿ ಬರೆದು ಜೋಪಾನ ಮಾಡಿ. ಬಾಕಿ ಪೇಪರ್ ಬರೆಯೋಕೆ ಇನ್ನೂ ಅವಕಾಶ ಇರೋರನ್ನ ಕೈ ಹಿಡಿದು ಕರ್ಕೊಂಡು ಹೋಗಿ ಫೀಸು ಕಟ್ಟಿಸಿ.

1856ರ ಆ ಹುಡುಗನ ಮನವಿ ಸರ್ಕಾರದ ಕಡತದಲ್ಲಿ ಉಳಿದಿದ್ದಕ್ಕೇ ಬಾಬಾಸಾಹೇಬರು ಅದನ್ನ ಆಯೋಗದ ಮುಂದಿಡೋಕಾಯ್ತು. ನಮ್ಮ ಕಾಲದ ಮಕ್ಕಳ ಮನವಿ ಉಳಿಸೋದು ನಮ್ಮ ಕೆಲಸ.

ಜೈ ಭೀಮ್.