ಟೆಸ್ಟ್ ದಾಂಡಿಗರ ಅಂಕಿ-ಅಂಶ ಆಧಾರಿತ ಶ್ರೇಯಾಂಕ

ಟೆಸ್ಟ್ ಕ್ರಿಕೆಟ್‌ನ ದಾಂಡಿಗರನ್ನು ರನ್, ಸರಾಸರಿ, ಶತಕ ಮೊದಲಾದ ಅಂಕಿ-ಅಂಶಗಳ ಆಧಾರದ ಮೇಲೆ ಹಿರಿಮೆಯ ಕ್ರಮದಲ್ಲಿ ಜೋಡಿಸುವ ಪ್ರಯತ್ನಗಳು ಅನೇಕ ನಡೆದಿವೆ. ಇದಕ್ಕೆ ಸರ್ವಸಮ್ಮತವಾದ ಸೂತ್ರವಿಲ್ಲ. ಅಳತೆಗೋಲು ಬದಲಾದಂತೆ ಪಟ್ಟಿಯೂ ಬದಲಾಗುತ್ತದೆ. ಕರ್ನಾಟಕದ ಜಿ. ಆರ್. ವಿಶ್ವನಾಥ್ ಮತ್ತು ರಾಹುಲ್ ದ್ರಾವಿಡ್ ಅವರ ಅಂಕಿಗಳು ಇದಕ್ಕೆ ಉತ್ತಮ ನಿದರ್ಶನಗಳಾಗಿವೆ.

ಸರಾಸರಿ

ಒಟ್ಟು ರನ್‌ಗಳನ್ನು ಔಟಾದ ಸಲಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ದೊರೆಯುತ್ತದೆ. ಆಸ್ಟ್ರೇಲಿಯಾದ ಡಾನ್ ಬ್ರಾಡ್ಮನ್ 80 ಇನ್ನಿಂಗ್ಸ್‌ಗಳಲ್ಲಿ 10 ಬಾರಿ ಔಟಾಗದೆ ಉಳಿದು 6996 ರನ್ ಗಳಿಸಿದರು. ಅದನ್ನು 70ರಿಂದ ಭಾಗಿಸಿದಾಗ ಬರುವ 99.94 ಎಂಬ ಸಂಖ್ಯೆ ಪ್ರಸಿದ್ಧವಾಗಿದೆ. ಅವರ ಮೊದಲ ಸ್ಥಾನದ ಬಗ್ಗೆ ಹೆಚ್ಚಿನ ವಿವಾದವಿಲ್ಲ. ತೊಡಕು ಆರಂಭವಾಗುವುದು ಎರಡನೆಯ ಸ್ಥಾನದಿಂದ.

ವೆಸ್ಟ್ ಇಂಡೀಸ್‌ನ ಆ್ಯಂಡಿ ಗಾಂಟೋಮ್ 1948ರಲ್ಲಿ ತಮ್ಮ ಏಕೈಕ ಟೆಸ್ಟ್ ಇನ್ನಿಂಗ್ಸ್‌ನಲ್ಲಿ 112 ರನ್ ಗಳಿಸಿದ್ದರಿಂದ ಅವರ ಸರಾಸರಿ ಬ್ರಾಡ್ಮನ್‌ರನ್ನೂ ಮೀರುತ್ತದೆ. ಇಂತಹ ವಿಚಿತ್ರಗಳನ್ನು ತಡೆಯಲು ಸಾಮಾನ್ಯವಾಗಿ ಕನಿಷ್ಠ 20 ಇನ್ನಿಂಗ್ಸ್‌ಗಳ ಮಿತಿ ಹಾಕುತ್ತಾರೆ. ಆದರೂ 31 ಇನ್ನಿಂಗ್ಸ್ ಆಡಿದ ಆ್ಯಡಂ ವೋಜಸ್ (61.87), 286 ಇನ್ನಿಂಗ್ಸ್ ಆಡಿದ ದ್ರಾವಿಡ್ (52.31) ಅವರಿಗಿಂತ ಬಹಳ ಮೇಲೆ ನಿಲ್ಲುತ್ತಾರೆ. ವೋಜಸ್ ದ್ರಾವಿಡ್‌ಗಿಂತ ಶ್ರೇಷ್ಠರೆಂದು ವಾದಿಸುವವರು ಸಿಗುವುದು ಕಷ್ಟ.

ಎದುರಿಸಿದ ಎಸೆತಗಳು

ದ್ರಾವಿಡ್ 164 ಟೆಸ್ಟ್‌ಗಳಲ್ಲಿ 13,288 ರನ್ ಗಳಿಸಲು 31,258 ಎಸೆತಗಳನ್ನು ಎದುರಿಸಿದರು. ಅಷ್ಟು ಎಸೆತಗಳನ್ನು ಎದುರಿಸಿದ ದಾಂಡಿಗ ಮತ್ತೊಬ್ಬರಿಲ್ಲ. ಪ್ರತಿ ಇನ್ನಿಂಗ್ಸ್‌ಗೆ ಸುಮಾರು 109 ಎಸೆತಗಳಾದವು. ರನ್ ಗಳಿಕೆಯ ವೇಗವನ್ನು ಮಾನದಂಡವಾಗಿಸಿದರೆ ಇದೇ ಗುಣ ದೋಷವಾಗಿ ಕಾಣುತ್ತದೆ.

ಸಂದರ್ಭದ ಪ್ರಶ್ನೆ

ಭದ್ರಾವತಿಯಲ್ಲಿ ಜನಿಸಿದ ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ 6080 ರನ್, 14 ಶತಕ ಗಳಿಸಿದರು. ಸರಾಸರಿ 41.93. ಸುನಿಲ್ ಗವಾಸ್ಕರ್ ಅವರ 51.12ರ ಪಕ್ಕದಲ್ಲಿಟ್ಟರೆ ಇದು ಸಾಧಾರಣವೆನಿಸುತ್ತದೆ; ವಿಶ್ವನಾಥ್ ಅವರ ಆಟವನ್ನು ಕಣ್ಣಾರೆ ಕಂಡ ತಲೆಮಾರು ಇದನ್ನು ಒಪ್ಪುವುದಿಲ್ಲ. ಅವರು ಶತಕ ಬಾರಿಸಿದ ಯಾವ ಟೆಸ್ಟ್‌ನಲ್ಲೂ ಭಾರತ ಸೋಲಲಿಲ್ಲ.

1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್‌ನ ಆ್ಯಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತಾಗ ಭಾರತ 190ಕ್ಕೆ ಆಲೌಟಾಯಿತು. ಅದರಲ್ಲಿ ವಿಶ್ವನಾಥ್ ಅವರದು ಅಜೇಯ 97, ಅಂದರೆ ಅರ್ಧಕ್ಕಿಂತ ಹೆಚ್ಚು. ಜೊತೆಗಾರರೆಲ್ಲ ಔಟಾದ ಕಾರಣ ಶತಕಕ್ಕೆ ಮೂರು ರನ್ ಉಳಿಯಿತು. ಭಾರತ ಆ ಪಂದ್ಯವನ್ನು 100 ರನ್‌ಗಳಿಂದ ಗೆದ್ದಿತು. ಶತಕಗಳ ಪಟ್ಟಿಯಲ್ಲಿ ಈ ಇನ್ನಿಂಗ್ಸ್‌ಗೆ ಸ್ಥಾನವೇ ಇಲ್ಲ. ಆದರೆ ಎದುರಾಳಿ ಬೌಲಿಂಗ್, ಪಿಚ್, ತಂಡದ ಮೊತ್ತದಲ್ಲಿನ ಪಾಲು, ಫಲಿತಾಂಶ ಮುಂತಾದವನ್ನು ಪರಿಗಣಿಸಿ 2001ರಲ್ಲಿ ಪ್ರಕಟವಾದ ವಿಸ್ಡನ್ 100 ಪಟ್ಟಿ ಇದನ್ನು ಟೆಸ್ಟ್ ಇತಿಹಾಸದ ಶ್ರೇಷ್ಠ ಇನ್ನಿಂಗ್ಸ್‌ಗಳಲ್ಲಿ ಸೇರಿಸಿತು.

ಇಂತಹ ತೂಕ ನೀಡುವ ಕ್ರಮವನ್ನು 1987ರಲ್ಲಿ ಆರಂಭವಾದ, ಈಗ ಐಸಿಸಿ ಹೆಸರಿನಲ್ಲಿರುವ ಶ್ರೇಯಾಂಕ ಪದ್ಧತಿಯೂ ಅನುಸರಿಸುತ್ತದೆ. ಎದುರಾಳಿ ಬೌಲರ್‌ಗಳ ಮಟ್ಟಕ್ಕೆ ತಕ್ಕಂತೆ 1000ದೊಳಗೆ ಅಂಕ ನೀಡುವ ಇದರಲ್ಲಿ ಬ್ರಾಡ್ಮನ್ ಮುಟ್ಟಿದ 961 ಅತ್ಯುನ್ನತ. ಆದರೆ ಇಲ್ಲಿ ಇತ್ತೀಚಿನ ಆಟಕ್ಕೆ ಹೆಚ್ಚು ತೂಕವಿರುವುದರಿಂದ, ಇದು ವೃತ್ತಿಜೀವನದ ಒಟ್ಟು ಸಾಧನೆಯನ್ನಲ್ಲ, ಆಯಾ ಕಾಲದ ಫಾರ್ಮನ್ನು ಹೇಳುತ್ತದೆ.

2006ರ ಕಿಂಗ್‌ಸ್ಟನ್ ಟೆಸ್ಟ್‌ನಲ್ಲಿ ಭಾರತ 200 ಮತ್ತು 171 ರನ್ ಗಳಿಸಿದಾಗ ನಾಯಕ ದ್ರಾವಿಡ್ ಅವರ ಗಳಿಕೆ 81 ಮತ್ತು 68. ಭಾರತ 49 ರನ್‌ಗಳಿಂದ ಗೆದ್ದು ಸರಣಿಯನ್ನೂ ಗೆದ್ದಿತು. ದಾಖಲೆ ಪುಸ್ತಕದಲ್ಲಿ ಅವು ಅವರ 63 ಅರ್ಧಶತಕಗಳಲ್ಲಿ ಎರಡು.